ಗಂಜಿಯ ಸಾಲಿನಲ್ಲಿ ನಿಂತ ಮತದಾರ
(ಮುಂಬಯಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಪರಕೀಯರ ಆಳ್ವಿಕೆಯೋ ಸರ್ವಾಧಿಕಾರವೋ ಮುಗಿದು ದೇಶವೊಂದು ಪ್ರಜಾಪ್ರಭುತ್ವಕ್ಕೆ ಹೊರಳುತ್ತಿರುವಾಗ ಹಸಿದವರಿಗೆ, ಮನೆಮಠ ಕಳಕೊಂಡವರಿಗೆ ಏನು ಮಾಡಬೇಕು ಎಂದು ಕೇಳಿದರೆ ತಜ್ಞರ ಬಾಯಲ್ಲಿ ಒಂದು ಉತ್ತರ ಸಿದ್ಧವಾಗಿರುತ್ತದೆ: ಮೊದಲು ಗಂಜಿ, ಆಮೇಲೆ ಮತ. ಹೊಟ್ಟೆ ತುಂಬಲಿ, ತಲೆಯ ಮೇಲೊಂದು ಸೂರು ಸಿಗಲಿ, ಜನ ಒಂದು ಕಡೆ ನೆಲೆ ನಿಲ್ಲಲಿ, ಚುನಾವಣೆಗೇನು ಅವಸರ? ಕೇಳುವಾಗ ಕರುಣೆಯ ಮಾತೇ. ಆದರೆ ನನಗೆ ಅದರಲ್ಲಿ ನಂಬಿಕೆ ಇಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೆ ಪರದೇಶಕ್ಕೆ ಹೋಗಬೇಕಾಗಿಲ್ಲ. ಸೆಂಟ್ರಲ್ ಲೈನಿನ ಲೋಕಲ್ ಹತ್ತಿ ಕಲ್ಯಾಣದ ಆಚೆ ಇಳಿದರೆ ಸಾಕು.

ನಾನು ಹೇಳುತ್ತಿರುವುದು 1947ರ ಆಗಸ್ಟಿನಿಂದ 1952ರ ಆರಂಭದವರೆಗಿನ ಮುಂಬಯಿಯ ಮಾತು. ಆ ಅವಧಿ ಶುರುವಾದಾಗ ಸ್ವಾತಂತ್ರ್ಯ ಬಂದಿತ್ತು, ಸಂವಿಧಾನ ಇನ್ನೂ ಬಂದಿರಲಿಲ್ಲ. ವಯಸ್ಕರೆಲ್ಲರಿಗೂ ಮತ ಎಂದು ಒಪ್ಪಿಕೊಂಡಾಗಿತ್ತು, ಆದರೆ ಹಾಗೆ ಒಬ್ಬರೂ ಮತ ಹಾಕಿರಲಿಲ್ಲ. ಬ್ರಿಟಿಷರ ಕಾಲದ ಪಟ್ಟಿಯಲ್ಲಿದ್ದವರು ಆಸ್ತಿ, ತೆರಿಗೆ, ಓದು ಇದ್ದವರು ಮಾತ್ರ. ಇಂಥ ನಡುಗಾಲದಲ್ಲೇ ದೇಶ ಎರಡಾಗಿ ಒಂದು ಕೋಟಿಗೂ ಹೆಚ್ಚು ಜನ ಅತ್ತಿಂದಿತ್ತ ಗಡಿ ದಾಟಿದರು.

ಪಂಜಾಬ್, ಬಂಗಾಳಗಳನ್ನು ಸೀಳಿದರು. ಸಿಂಧನ್ನು ಸೀಳಲಿಲ್ಲ, ಅದು ಇಡಿಯಾಗಿ ಆಚೆ ಹೋಯಿತು. ಪಂಜಾಬಿಗಳಿಗೆ ಈಚೆಗೂ ಒಂದು ಪಂಜಾಬ್ ಉಳಿಯಿತು. ಸಿಂಧಿ ಹಿಂದೂಗಳಿಗೆ ತಮ್ಮ ಸಿಂಧಿನ ಒಂದು ತಾಲ್ಲೂಕೂ ಈಚೆ ಉಳಿಯಲಿಲ್ಲ. ಮೊದಲ ಕೆಲವು ತಿಂಗಳು ಎಷ್ಟೋ ಮಂದಿ ಊರು ಬಿಡುವ ಮನಸ್ಸೇ ಮಾಡಲಿಲ್ಲ. 1948ರ ಜನವರಿ 6ರಂದು ಕರಾಚಿಯಲ್ಲಿ ಗಲಭೆಯಾದ ಮೇಲೆ ಆಸೆ ಕಡಿಯಿತು. ರೈಲಿನಲ್ಲಿ ಹೊರಟವರು ಮಾರವಾಡದ ದಾರಿ ಹಿಡಿದರು. ಹಡಗು ಹತ್ತಿದವರು ಓಖಾ, ಪೋರಬಂದರ, ವೇರಾವಳ, ಮುಂಬಯಿಗಳಲ್ಲಿ ಇಳಿದರು. ಹಡಗಿನಿಂದಿಳಿದು ಮುಂಬಯಿಯ ಧಕ್ಕೆಯಲ್ಲಿ ಗಂಟುಮೂಟೆಯೊಂದಿಗೆ ನಿಲ್ಲುವುದು ಎಂದರೇನೆಂದು ಕರಾವಳಿಯವರಾದ ನಿಮಗೆ ನಾನು ವಿವರಿಸಬೇಕಾಗಿಲ್ಲ. ನಮ್ಮ ಹಿರಿಯರೂ ಮಂಗಳೂರಿನ ಬಂದರಿನಿಂದ ಹಾಗೇ ಬಂದವರು. ಆದರೆ ಅವರಿಗೆ ತಿರುಗಿ ಹೋಗಲು ಒಂದು ಊರಿತ್ತು, ಮನಿಯಾರ್ಡರ್ ಕಳಿಸಲು ಒಂದು ವಿಳಾಸವಿತ್ತು.

ಮುಂಬಯಿ ಇವರಿಗಾಗಿ ಕಾದು ಕುಳಿತಿರಲಿಲ್ಲ. ಈಗಿನ ಬೃಹನ್ಮುಂಬಯಿಯ ಎಲ್ಲೆಯೊಳಗೆ 1941ರಲ್ಲಿ ಸುಮಾರು 18 ಲಕ್ಷ ಇದ್ದ ಜನಸಂಖ್ಯೆ 1951ರ ಹೊತ್ತಿಗೆ 30 ಲಕ್ಷದ ಹತ್ತಿರ ಬಂದಿತ್ತು. ಯುದ್ಧಕಾಲದಲ್ಲಿ ಮಿಲ್ಲುಗಳು ಮೂರು ಪಾಳಿಯಲ್ಲಿ ಓಡಿದ್ದವು, ಚಾಳುಗಳ ಖೋಲಿಗಳಲ್ಲಿ ಪಾಳಿಯ ಮೇಲೆ ಮಲಗುವವರಿದ್ದರು. 1943ರ ಮೇ ತಿಂಗಳಿಂದ ನಗರಕ್ಕೆ ಪೂರ್ತಿ ರೇಷನ್ ಬಂದಿತ್ತು. ಈ ರೇಷನ್ನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದೇ ವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು, ಮುಂಬಯಿಯಲ್ಲಿ ಸಾಯಲಿಲ್ಲ. ಇಲ್ಲಿನ ಅಧಿಕಾರಿಗಳು ಮಲಬಾರ್ ಹಿಲ್ಲಿನ ಬಂಗಲೆಗೂ ಪರೇಲಿನ ಖೋಲಿಗೂ ಒಂದೇ ಬಗೆಯ ಕಾರ್ಡು ಕೊಟ್ಟು, ತಲೆಯೆಣಿಕೆಯ ಮೇಲೆ ಕಾಳು ಅಳೆದರು. ಹೋಟೆಲುಗಳಿಗೂ ಅಕ್ಕಿ, ಸಕ್ಕರೆ ಕೋಟಾದ ಮೇಲೆಯೇ. ಮತದ ಹಕ್ಕಿಲ್ಲದವರನ್ನೂ ಸರ್ಕಾರ ಆ ಕಾರ್ಡಿನಲ್ಲಿ ಹೆಸರು ಹಿಡಿದು ಎಣಿಸಿತು. ಸ್ವಾತಂತ್ರ್ಯ ಬಂದ ಮೇಲೆ ಗಾಂಧೀಜಿಯವರ ಒತ್ತಾಸೆಯಿಂದ 1947ರ ಕೊನೆಗೆ ಆಹಾರಧಾನ್ಯದ ಹತೋಟಿ ತೆಗೆದರು. ಬೆಲೆ ಏರಿತು. ಮರುವರ್ಷವೇ ಹತೋಟಿ ಮರಳಿ ಬಂತು. ಆಗ ಕೇಂದ್ರದ ಆಹಾರ ಮಂತ್ರಿಯಾಗಿದ್ದವರು ಜೈರಾಮದಾಸ್ ದೌಲತರಾಮ್, ಸ್ವತಃ ಕರಾಚಿಯ ಸಿಂಧಿ, ಊರು ಕಳಕೊಂಡವರು.

ಬಿ. ಜಿ. ಖೇರ್ ಅವರ ಮುಂಬಯಿ ಸರ್ಕಾರದಲ್ಲಿ ಗೃಹ ಮತ್ತು ಕಂದಾಯ ಖಾತೆ ಮೊರಾರ್ಜಿ ದೇಸಾಯಿಯವರ ಕೈಯಲ್ಲಿತ್ತು. ಆ ಸರ್ಕಾರ ತೆರೆದ ತೋಳಿನಿಂದ ಯಾರನ್ನೂ ಸ್ವಾಗತಿಸಲಿಲ್ಲ. ನಗರ ತುಂಬಿದೆ, ಬೇರೆ ಕಡೆ ಹೋಗಿ ಎಂಬುದೇ ಅದರ ಮೊದಲ ಮಾತು. 1947ರ ಬಾಡಿಗೆ ಕಾಯಿದೆ 1948ರ ಫೆಬ್ರವರಿಯಲ್ಲಿ ಜಾರಿಗೆ ಬಂದು ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಇದ್ದ ಬಾಡಿಗೆದಾರನಿಗೆ ಅದು ವರ. ಹೊಸದಾಗಿ ಬಂದವನಿಗೆ ಪಗಡಿ ಎಂಬ ಗುಟ್ಟಿನ ಮುಂಗಡ ಕೊಡದೆ ಖೋಲಿ ಇಲ್ಲ. 1948ರಲ್ಲೇ ಖಾಲಿ ಮನೆ, ಜಾಗ ವಶಪಡಿಸಿಕೊಳ್ಳುವ ಕಾಯಿದೆ ಬಂತು. ನಿರಾಶ್ರಿತರ ಮೇಲೂ ಒಂದು ಕಾಯಿದೆ ಬಂತು: ಹೆಸರು ನೋಂದಾಯಿಸಬೇಕು, ಹೇಳಿದ ಕ್ಯಾಂಪಿಗೆ ಹೋಗಬೇಕು. ಪರಿಹಾರ ಮತ್ತು ಪೊಲೀಸು ಒಂದೇ ಕೈಯಿಂದ ನಡೆದ ಕಾಲ ಅದು.

ಹೀಗೆ ಕಳಿಸಿದ ಕ್ಯಾಂಪುಗಳು ಈಗ ನಮ್ಮ ನಿಮ್ಮ ಬಡಾವಣೆಗಳು. ಚೆಂಬೂರು ಕಾಲೊನಿ, ಮುಲುಂಡ್ ಕಾಲೊನಿ, ಠಾಣೆಯ ಕೋಪ್ರಿ. ಸಯನ್ ಕೋಳಿವಾಡದಲ್ಲಿ ಪಂಜಾಬಿಗಳು ಇಳಿದರು. ನಮ್ಮ ಶೆಟ್ಟರ ಬಾರುಗಳ ಮೆನುವಿನಲ್ಲಿ ಇವತ್ತಿಗೂ ಮೆರೆಯುವ ಕೋಳಿವಾಡ ಪ್ರಾನ್ಸ್ ಅವರ ಕೈರುಚಿ ಎನ್ನುತ್ತಾರೆ. ಎಲ್ಲಕ್ಕಿಂತ ದೊಡ್ಡದು ಕಲ್ಯಾಣದ್ದು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಇಳಿಸಲು ಕಟ್ಟಿದ್ದ ಬ್ಯಾರಕ್ಕುಗಳು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚಿದ್ದವು. ಯುದ್ಧ ಮುಗಿದು ಖಾಲಿ ಬಿದ್ದಿದ್ದ ಆ ಜಾಗಕ್ಕೆ ಲಕ್ಷದ ಆಸುಪಾಸು ಸಿಂಧಿಗಳು ಬಂದು ಸೇರಿದರು.

ಬ್ಯಾರಕ್ ಎಂದರೆ ನಡುಗೋಡೆಯೇ ಇಲ್ಲದ ಉದ್ದನೆಯ ಹಜಾರ, ಎರಡು ತುದಿಗೂ ಒಂದೆರಡು ಕೋಣೆ. ಸಿಪಾಯಿಗಳು ಸಾಲಾಗಿ ಮಲಗಲು ಮಾಡಿದ್ದು. ಅದರೊಳಗೆ ಸಂಸಾರಗಳು ಬಂದಾಗ ಗೋಣಿತಾಟು, ಹಳೆಯ ಸೀರೆ, ಬೆಡ್‌ಶೀಟು ಇಳಿಬಿಟ್ಟು ಮನೆ ಮಾಡಿಕೊಂಡರು. ಒಂದು ಪರದೆಯ ಆಚೆ ಬಾಣಂತಿ, ಈಚೆ ಮ್ಯಾಟ್ರಿಕ್ ಓದುವ ಹುಡುಗ. ನಲ್ಲಿ, ಪಾಯಖಾನೆ ಎಲ್ಲ ಸಾಮೂಹಿಕ. ಹೈದರಾಬಾದ್ ಸಿಂಧಿನಲ್ಲಿ ಹವೇಲಿ ಇದ್ದವರು ಕೈಯಲ್ಲಿ ಚೊಂಬು ಹಿಡಿದು ಸರದಿಗೆ ನಿಂತರು. ಹೆಂಗಸರು ಹಪ್ಪಳ, ಉಪ್ಪಿನಕಾಯಿಗೆ ಕೈಹಾಕಿದರು. ಗಂಡಸರು, ಮಕ್ಕಳು ಅದನ್ನು ಲೋಕಲ್ಲಿನ ಡಬ್ಬಿ ಡಬ್ಬಿಗೂ ಒಯ್ದು ಮಾರಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ರಾಜಾಜಿಯವರು ಬಂದು ಆ ಊರಿಗೆ ಉಲ್ಲಾಸನಗರ ಎಂದು ಹೆಸರಿಟ್ಟರು. ಸೈನ್ಯ ಹೋಗಿ ಎಂಬತ್ತು ವರ್ಷವಾಗುತ್ತಾ ಬಂದರೂ ಅಲ್ಲಿ ಸೈನ್ಯದ ಲೆಕ್ಕವೇ ನಡೆಯುತ್ತದೆ. ಅಂಗಡಿಯ ಬೋರ್ಡು ನೋಡಿ: ಬ್ಯಾರಕ್ ನಂಬರ್ ಇಷ್ಟು, ಸೆಕ್ಷನ್ ಇಷ್ಟು, ಕ್ಯಾಂಪ್ ನಂಬರ್ ಮೂರು. ಬ್ಯಾರಕ್ ಇದ್ದಲ್ಲಿ ಅನೇಕ ಕಡೆ ನಾಲ್ಕಂತಸ್ತು ಎದ್ದಿದೆ. ನಂಬರು ಮಾತ್ರ ಕದಲಿಲ್ಲ.

ಈಗ ನನ್ನ ವಾದದ ಮುಖ್ಯ ಭಾಗಕ್ಕೆ ಬರುತ್ತೇನೆ. ಸಂವಿಧಾನ ರಚನಾ ಸಭೆಯ ಕಚೇರಿ ಹೊಸ ಸಂವಿಧಾನ ಮುಗಿಯುವವರೆಗೆ ಕಾಯಲಿಲ್ಲ. 1947ರ ಕೊನೆಯಲ್ಲೇ ಮತದಾರರ ಕರಡು ಪಟ್ಟಿಯ ಕೆಲಸ ಎತ್ತಿಕೊಂಡು, 1948ರ ಮಾರ್ಚಿನಲ್ಲಿ ಪ್ರಾಂತಗಳಿಗೆ ಸೂಚನೆ ಕಳಿಸಿತು. ಆ ಕಚೇರಿಗೆ ಸಂವಿಧಾನದ ಸಲಹೆಗಾರರಾಗಿ ದಾರಿ ತೋರುತ್ತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು.   

ಪಟ್ಟಿಗೆ ಹೆಸರು ಸೇರಬೇಕಾದರೆ 1948ರ ಮಾರ್ಚ್ 31ಕ್ಕೆ ಮುಗಿಯುವ ವರ್ಷದಲ್ಲಿ 180 ದಿನ ಆ ಊರಿನಲ್ಲಿ ವಾಸವಾಗಿರಬೇಕು ಎಂಬುದು ನಿಯಮ. ಜನವರಿಯಲ್ಲಿ ಹಡಗಿನಿಂದ ಇಳಿದವನು 180 ದಿನ ಎಲ್ಲಿಂದ ತರಬೇಕು? ಬಾಗಿಲು ಮುಚ್ಚಲು ಇಷ್ಟು ನೆಪ ಸಾಕಾಗಿತ್ತು. ಪೌರತ್ವದ ವಿಧಿಗಳು ಸಭೆಯಲ್ಲಿ ತೀರ್ಮಾನವಾದದ್ದೇ 1949ರ ಆಗಸ್ಟಿನಲ್ಲಿ. ಈ ಜನ ಭಾರತದ ಪ್ರಜೆಗಳು ಎಂದು ಕಾನೂನಿನ ಪ್ರಕಾರ ಯಾರೂ ಹೇಳುವಂತಿರಲಿಲ್ಲ. ನಿರಾಶ್ರಿತರ ಸಂಘಗಳು ದೆಹಲಿಗೆ ಪತ್ರ ಬರೆದವು. ಕಚೇರಿ ಕೊಟ್ಟ ಉತ್ತರ ಇವತ್ತಿಗೂ ನನಗೆ ಬೆರಗು ತರುತ್ತದೆ: ನಿರಾಶ್ರಿತನು ಇಂಥ ಊರಿನಲ್ಲಿ ಖಾಯಂ ಆಗಿ ನೆಲೆಸುವ ಇಚ್ಛೆ ನನಗಿದೆ ಎಂದು ಬರೆದುಕೊಟ್ಟರೆ ಸಾಕು, ಎಷ್ಟು ದಿನ ಇದ್ದಾನೆ ಎಂದು ನೋಡಬೇಡಿ, ಪಟ್ಟಿಗೆ ಸೇರಿಸಿ. ದಾಖಲೆ ಕೇಳಲಿಲ್ಲ. ಕರಾಚಿಯ ಮನೆಯ ಪತ್ರ, ರಸೀದಿ ಕೇಳಲಿಲ್ಲ. ಅವನ ಮಾತನ್ನು ನಂಬಿದರು.

ನಂಬಿದ್ದರಿಂದ ಏನಾಯಿತು? ಗಂಜಿ ಕೇಂದ್ರದ ಸಾಲಿನಲ್ಲಿ ನಿಂತವನು ಮುಂದಿನ ಚುನಾವಣೆಯ ಮತದಾರನೂ ಆದ. 1949ರಲ್ಲಿ ಕ್ಯಾಂಪುಗಳ ಪುಕ್ಕಟೆ ರೇಷನ್ ನಿಲ್ಲಿಸುವ ಮಾತು ಬಂದಾಗ, ಜಾಗದ ಹಕ್ಕುಪತ್ರ, ಬಿಟ್ಟು ಬಂದ ಆಸ್ತಿಗೆ ಪರಿಹಾರ ಎಂದು ಜನ ಕೂಗಿದಾಗ, ಕೇಳಿಸಿಕೊಂಡ ಅಧಿಕಾರಸ್ಥರು ಬರೀ ದೈನ್ಯದ ಮುಖಗಳನ್ನು ನೋಡಲಿಲ್ಲ, ಮತದಾರರನ್ನೂ ನೋಡಿದರು. ಸಿಂಧ್ ಕಾಂಗ್ರೆಸ್ಸಿನ ಹಿರಿಯ ಚೊಯಿಥರಾಮ್ ಗಿದ್ವಾಣಿಯವರು ಮೊದಲ ಲೋಕಸಭೆಗೆ ಠಾಣೆಯಿಂದ ಗೆದ್ದು ಹೋಗಿ ಆಳುವ ಪಕ್ಷದ ಎದುರು ಸಾಲಿನಲ್ಲಿ ಕೂತರು. ಧಕ್ಕೆಯಲ್ಲಿಳಿದು ಕೆಲವೇ ವರ್ಷಕ್ಕೆ ಆ ಜನರ ಅಳಲು ಸಂಸತ್ತಿನ ಪ್ರಶ್ನೆಯಾಯಿತು. ಕ್ಲೇಮುಗಳನ್ನು ಪರಿಶೀಲಿಸುವ ಕಾಯಿದೆ 1950ರಲ್ಲಿ, ಪರಿಹಾರ ಮತ್ತು ಪುನರ್ವಸತಿಯ ಕಾಯಿದೆ 1954ರಲ್ಲಿ ಬಂದವು. ಅಷ್ಟನ್ನೂ ಮತವೇ ತಂದಿತೆಂದು ನಾನು ಹೇಳುವುದಿಲ್ಲ. ಸಿಂಧಿಗಳ ಛಲ, ವ್ಯಾಪಾರದ ಬುದ್ಧಿ, ಓದಿನ ಹಂಬಲ ಎಲ್ಲ ಸೇರಿತ್ತು. ಕರಾಚಿಯಿಂದ ಬಂದ ಅಧ್ಯಾಪಕರು 1948ರಲ್ಲೇ ಜೈ ಹಿಂದ್ ಕಾಲೇಜು ಕಟ್ಟಿದರು, 1949ರಲ್ಲಿ ಹೈದರಾಬಾದ್ ಸಿಂಧಿನ ನ್ಯಾಷನಲ್ ಕಾಲೇಜು ಬಾಂದ್ರಾಕ್ಕೆ ಬಂತು. ಆದರೆ ಬೇಡುವವನಿಗೂ ಹಕ್ಕಿನಿಂದ ಕೇಳುವವನಿಗೂ ಇರುವ ಅಂತರವನ್ನು ಆ ಪಟ್ಟಿ ಮಾಡಿಕೊಟ್ಟಿತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ದೆಹಲಿಯ ಕಡೆ, ಫರೀದಾಬಾದಿನಲ್ಲಿ, ಇದನ್ನೇ ಇನ್ನೊಂದು ದಾರಿಯಿಂದ ಮಾಡಹೊರಟರು: ಪುಕ್ಕಟೆ ಅನ್ನಕ್ಕಿಂತ ಸಹಕಾರ ಸಂಘ, ಕೆಲಸ, ತಮ್ಮ ಊರನ್ನು ತಾವೇ ಕಟ್ಟಿಕೊಳ್ಳುವುದು.

ಗಂಜಿ, ಮತ ಎರಡೂ ಜೊತೆಜೊತೆಗೇ ಸಾಗಬಲ್ಲವು ಎಂಬುದಕ್ಕೆ ಹೊರಗಿನ ಪ್ರಪಂಚದಲ್ಲೂ ಸಾಕ್ಷಿ ಇದೆ. 1989ರಲ್ಲಿ ನಮೀಬಿಯಾದ ಮೊದಲ ಚುನಾವಣೆಗೆ ಮುಂಚೆ ದೇಶಭ್ರಷ್ಟರಾಗಿದ್ದ 40 ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದರು. ಕಾಂಬೋಡಿಯಾದಲ್ಲಿ ಥಾಯ್ ಗಡಿಯ ಕ್ಯಾಂಪುಗಳಲ್ಲಿದ್ದ ಮೂರೂವರೆ ಲಕ್ಷಕ್ಕೂ ಹೆಚ್ಚು ಮಂದಿ 1993ರ ಮೇ ಚುನಾವಣೆಯ ಹೊತ್ತಿಗೆ ಮನೆಗೆ ಮರಳಿದ್ದರು. ತದ್ವಿರುದ್ಧ ಬರ್ಮಾ. 2008ರ ಮೇ ಮೊದಲ ವಾರ ನರ್ಗಿಸ್ ಚಂಡಮಾರುತ ಇರಾವತಿಯ ಮುಖಜ ಭೂಮಿಯನ್ನು ಒರೆಸಿ ಹಾಕಿತು. ಅಲ್ಲಿನ ಸೇನಾಡಳಿತ ಹೊರಗಿನ ನೆರವನ್ನು ಬಾಗಿಲಲ್ಲೇ ತಡೆದು, ವಾರ ಕಳೆಯುತ್ತಲೇ, ಮೇ 10ರಂದು, ತಾನು ಬರೆದ ಸಂವಿಧಾನಕ್ಕೆ ಜನಮತ ನಡೆಸಿತು. ಚಂಡಮಾರುತ ಹೊಡೆದ ಪ್ರದೇಶಗಳಿಗೆ ಮಾತ್ರ ಎರಡು ವಾರ ಮುಂದಕ್ಕೆ ಹಾಕಿತು. ಅಲ್ಲಿ ಮತವೂ ಇತ್ತು, ಹಸಿವೂ ಇತ್ತು. ಮತ ಹಾಕುವವನ ಮಾತಿಗೆ ಮಾತ್ರ ಬೆಲೆಯಿರಲಿಲ್ಲ.

ನಮ್ಮ ಕಥೆಯನ್ನು ಬಂಗಾರದ ಚೌಕಟ್ಟಿಗೆ ಹಾಕಿಡುವ ಆಸೆ ನನಗಿಲ್ಲ. ಬರುವವನ ಇಚ್ಛೆಯನ್ನು ನಂಬಿದ ಅದೇ ದೇಶ ಇದ್ದವನ ಇಚ್ಛೆಯನ್ನು ಶಂಕಿಸಿತು. ದೇಶ ಬಿಟ್ಟು ಹೋದವರ ಆಸ್ತಿಯ ಕಾನೂನಿನಲ್ಲಿ, ಪಾಕಿಸ್ತಾನಕ್ಕೆ ಹೋಗಿಲ್ಲದಿದ್ದರೂ ಹೋಗುವ ಉದ್ದೇಶವುಳ್ಳವರು ಎಂದು ಹಣೆಪಟ್ಟಿ ಹಚ್ಚಲು ಅವಕಾಶವಿತ್ತು. ತಲೆಮಾರುಗಳಿಂದ ಇಲ್ಲೇ ವ್ಯಾಪಾರ ಮಾಡಿಕೊಂಡಿದ್ದ ಮುಸಲ್ಮಾನ ವರ್ತಕನಿಗೆ ಆ ಆಸ್ತಿಗಳನ್ನು ವಶಕ್ಕೆ ಪಡೆಯುವ ಕಸ್ಟೋಡಿಯನ್ ಕಚೇರಿಯ ಕಾಗದ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಒಬ್ಬನಿಗೆ ಬಾಯಿಮಾತೇ ಹಕ್ಕು, ಇನ್ನೊಬ್ಬನಿಗೆ ಆಡದ ಮಾತೂ ಅಪರಾಧ.

ಇನ್ನು ನಮ್ಮವರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿ ಪ್ರಾಂತದ ಜಿಲ್ಲೆಗಳು. ರಜಾಕಾರರ ಹಾವಳಿಗೆ ಹೆದರಿ ನಿಜಾಮನ ಸೀಮೆಯ ಕೊಪ್ಪಳ, ರಾಯಚೂರಿನ ಕಡೆಯಿಂದ ಜನ ಮುಂಡರಗಿ, ಗಜೇಂದ್ರಗಡಗಳಿಗೆ ಓಡಿಬಂದದ್ದು ಇದೇ ಮುಂಬಯಿ ಪ್ರಾಂತದ ನೆಲಕ್ಕೆ. ಕೊಲ್ಲಾಪುರದ ಹತ್ತಿರದ ವಳಿವಡೆಯಲ್ಲಿ ಯುದ್ಧಕಾಲದಲ್ಲಿ ಪೋಲೆಂಡಿನ ಸುಮಾರು ಐದು ಸಾವಿರ ನಿರಾಶ್ರಿತರಿದ್ದರು; ಅವರು ಹೋದ ಮೇಲೆ ಅದೇ ಕ್ಯಾಂಪಿಗೆ ಸಿಂಧಿಗಳು ಬಂದರು. ಬೆಳಗಾವಿ, ನಿಪ್ಪಾಣಿಯ ವ್ಯಾಪಾರಿಗಳು ಬಟ್ಟೆ ತರಲು ಹೋಗುವ ಗಾಂಧಿನಗರ ಅದೇ. ಆದರೆ ಮುಂಬಯಿ ನಗರದೊಳಗಿನ ಕನ್ನಡಿಗ, ತುಳುವ, ಹೋಟೆಲಿನ ಮೇಜಿನ ಮೇಲೆ ಮಲಗುತ್ತಿದ್ದ ಹುಡುಗ, ರಾತ್ರಿ ಶಾಲೆಗೆ ಹೋಗುತ್ತಿದ್ದ ಮಾಣಿ, ಮಿಲ್ಲಿನ ಕೂಲಿ, ಇವರು ಯಾವ ಕಾಯಿದೆಯ ಪ್ರಕಾರವೂ ನಿರಾಶ್ರಿತರಲ್ಲ. ಇವರು ಬಂದದ್ದು ಬಡತನದಿಂದ. ಬಡತನಕ್ಕೆ ಆಗಲೂ ಪ್ರತ್ಯೇಕ ಖಾತೆ ಇರಲಿಲ್ಲ. 180 ದಿನದ ನಿಯಮ ಇವರಿಗೆ ಪೂರ್ತಿ ಅನ್ವಯ.  ಗಡಿ ದಾಟಿ ಬಂದವನ ಮಾತು ನಂಬಿದ ಸರ್ಕಾರಕ್ಕೆ ಘಟ್ಟ ಇಳಿದು ಬಂದವನ ಮಾತು ನಂಬಬೇಕಾದ ಪ್ರಸಂಗವೇ ಏಳಲಿಲ್ಲ. ಅವನಿಗೆ ಸಂಘಗಳೇ ಸರ್ಕಾರ: 1908ರಲ್ಲಿ ಶುರುವಾದ ಮೊಗವೀರರ ರಾತ್ರಿ ಶಾಲೆಯಂಥವು, ಆಮೇಲೆ ಜಾತಿಜಾತಿಯ ಸಂಘಗಳು. ಅವುಗಳ ಉಪಕಾರವನ್ನು ಮರೆತವರಲ್ಲ ನಾವು. ಆದರೆ ಸಂಘ ಕೊಟ್ಟದ್ದು ಉಪಕಾರವೇ ಹೊರತು ಹಕ್ಕಲ್ಲ.

ಹೀಗೆ ಬಡತನದಿಂದ ಬಂದವರ ಮುಂದಿನ ಕಥೆಯೇ ಮುಂಬಯಿಯ ಝೋಪಡಪಟ್ಟಿಯ ಕಥೆ. 1981ರ ಮಳೆಗಾಲದಲ್ಲಿ ಫುಟ್‌ಪಾತ್ ವಾಸಿಗಳನ್ನು ಎತ್ತಂಗಡಿ ಮಾಡಹೊರಟಾಗ ಓಲ್ಗಾ ಟೆಲಿಸ್ ಎಂಬ ಪತ್ರಕರ್ತೆ ಮತ್ತಿತರರು ಕೋರ್ಟಿಗೆ ಹೋದರು. 1985ರಲ್ಲಿ ಸುಪ್ರೀಂ ಕೋರ್ಟು ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದಿತು; ಎತ್ತಂಗಡಿಯನ್ನು ಮಾತ್ರ, ನೋಟಿಸ್ ಕೊಟ್ಟು ಮಾಡಿ ಎಂದು, ಒಪ್ಪಿತು. ಆಮೇಲೆ 1995ರ ಝೋಪಡಪಟ್ಟಿ ಪುನರ್ವಸತಿ ಯೋಜನೆ. 1995ರ ಜನವರಿ 1ರ ಮತದಾರರ ಪಟ್ಟಿಯಲ್ಲಿ ಹೆಸರಿದ್ದವರಿಗೆ ಪುಕ್ಕಟೆ ಮನೆ. ಮುಂದೆ ಆ ತಾರೀಖು 2000ಕ್ಕೆ ಸರಿಯಿತು. ಗಮನಿಸಿ, ಇಲ್ಲೂ ಮತದಾರರ ಪಟ್ಟಿಯೇ ಸೂರಿನ ಕೀಲಿಕೈ. 1948ರ ನಂಟು ಇನ್ನೂ ಕಡಿದಿಲ್ಲ. ಆದರೆ ಅದು ತಲೆಕೆಳಗಾಗಿ ನಿಂತಿದೆ. ಅಂದು ಇನ್ನು ಮುಂದೆ ಇಲ್ಲಿರುತ್ತೇನೆ ಎಂದರೆ ಸಾಕಿತ್ತು. ಇಂದು ಹಿಂದೆ ಇಲ್ಲಿದ್ದೆ ಎಂದು ಕಾಗದ ತೋರಿಸಬೇಕು. ರೇಷನ್ ಕಾರ್ಡು, ಲೈಟ್ ಬಿಲ್ಲು, ಫೋಟೋಪಾಸು, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ ಸುತ್ತಿ ಅಟ್ಟದ ಮೇಲಿಟ್ಟ ಆ ಕಟ್ಟು ಝೋಪಡಿಗಿಂತ ಬೆಲೆಬಾಳುತ್ತದೆ. 2005ರ ಜುಲೈ 26ರ ಮಳೆಯಲ್ಲಿ ಎಷ್ಟು ಮನೆಗಳಲ್ಲಿ ಆ ಕಟ್ಟೇ ತೇಲಿಹೋಯಿತು!

2020ರ ಲಾಕ್‌ಡೌನನ್ನು ನೀವೆಲ್ಲ ಕಂಡಿದ್ದೀರಿ. ಏಪ್ರಿಲ್ 14ರಂದು ಬಾಂದ್ರಾ ಸ್ಟೇಷನ್ನಿನ ಹೊರಗೆ ಸಾವಿರಾರು ಕೂಲಿಕಾರರು ಊರಿಗೆ ಕಳಿಸಿ ಎಂದು ಸೇರಿದರು. ಅವರಲ್ಲಿ ಬಹುಮಂದಿಯ ಮತ ಊರಿನಲ್ಲಿ, ರೇಷನ್ ಕಾರ್ಡು ಊರಿನಲ್ಲಿ, ಹೊಟ್ಟೆ ಮಾತ್ರ ಇಲ್ಲಿ. ಅವರಿಗೆ ಉತ್ತರ ಕೊಡಬೇಕಾದ ಕಾರ್ಪೊರೇಟರ್ ಇಲ್ಲಿರಲಿಲ್ಲ, ಇದ್ದವರಿಗೆ ಅವರು ಬೇಕಾಗಿರಲಿಲ್ಲ. ನಮ್ಮ ಹೋಟೆಲು ಕಾರ್ಮಿಕರ ಪಾಡೂ ಬೇರೆಯಲ್ಲ. ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಮಹಾರಾಷ್ಟ್ರದಿಂದ ಬರುವವರಿಗೆ ಗಡಿಯನ್ನೇ ಮುಚ್ಚಿತು. ಉಡುಪಿಯ ಮತದಾರ ಉಡುಪಿಗೆ ಹೋಗಲಾರದೆ ಒದ್ದಾಡಿದ. ಈಗ ಒಂದು ದೇಶ, ಒಂದು ರೇಷನ್ ಕಾರ್ಡ್ ಬಂದಿದೆ. ಊರಿನ ಕಾರ್ಡಿಗೆ ಕಾಂದಿವಲಿಯಲ್ಲೂ ಅಕ್ಕಿ ಸಿಗಬೇಕು. ಒಳ್ಳೆಯದು. ಆದರೆ ಅಕ್ಕಿ ಸಿಗದಿದ್ದರೆ ಇಲ್ಲಿ ಯಾರನ್ನು ಕೇಳುವುದು ಎಂಬ ಪ್ರಶ್ನೆ ಹಾಗೇ ಇದೆ.

ನರಸಿಂಗರಾಯರ ಕಚೇರಿಯ ಆ ಧೈರ್ಯ ಪೂರ್ತಿ ಅಳಿದಿಲ್ಲ ಎಂಬುದಕ್ಕೆ ಚುನಾವಣಾ ಆಯೋಗದ ಒಂದು ನಿಯಮ ತೋರಿಸಿ ಮುಗಿಸುತ್ತೇನೆ. ಮನೆಯೇ ಇಲ್ಲದವನು ಮತದಾರನಾಗಬೇಕಾದರೆ ವಿಳಾಸದ ದಾಖಲೆ ಕೊಡಬೇಕಾಗಿಲ್ಲ. ತಾನು ಮಲಗುವ ಜಾಗ ಇಂಥದ್ದು ಎಂದು ಬರೆದುಕೊಟ್ಟರೆ, ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಅಲ್ಲಿಗೇ ಹೋಗಿ ಅವನು ನಿಜವಾಗಿ ಅಲ್ಲಿ ಮಲಗುತ್ತಾನೋ ಇಲ್ಲವೋ ನೋಡಿ ಬರಬೇಕು. ದಾಖಲೆ ತೋರಿಸುವ ಹೊಣೆ ಇಲ್ಲಿ ಬಡವನದ್ದಲ್ಲ, ನೋಡಿ ಬರುವ ಹೊಣೆ ಸರ್ಕಾರದ್ದು. ಈ ಸಭೆಯಲ್ಲಿ ಹೋಟೆಲು ನಡೆಸುವವರಿದ್ದೀರಿ, ಕಟ್ಟಡ ಕಟ್ಟುವವರಿದ್ದೀರಿ, ಸಂಘಗಳ ಪದಾಧಿಕಾರಿಗಳಿದ್ದೀರಿ. ನಿಮ್ಮ ಕೆಲಸಗಾರರಲ್ಲಿ ಎಷ್ಟು ಜನರ ಹೆಸರು ಮುಂಬಯಿಯ ಪಟ್ಟಿಯಲ್ಲಿದೆ, ಎಷ್ಟು ಜನರಿಗೆ ಅದು ಬೇಕಾಗಿದೆ, ಕೇಳಿ ನೋಡಿ. ಬೇಕೆಂದವರಿಗೆ ಅರ್ಜಿ ತುಂಬಿಸಿಕೊಡಿ. ಹೋಟೆಲಿನ ವಿಳಾಸವನ್ನೇ ಅವರ ವಿಳಾಸವಾಗಿ ಬರೆಯಲು ಒಪ್ಪಿಕೊಳ್ಳಿ. ರೇಷನ್ ಕಚೇರಿಯೂ ಇದೇ ನಿಯಮವನ್ನು ಪಾಲಿಸಲಿ ಎಂದು ಸಂಘಗಳ ಹೆಸರಿನಲ್ಲಿ ಒಂದು ಮನವಿ ಕೊಡುವುದಾದರೆ ಕೆಳಗೆ ಮೊದಲ ಸಹಿ ನಾನೇ ಹಾಕುತ್ತೇನೆ.